ತೆರೆಯದ ಕಿಟಕಿ

(ಬಾನುಲಿ ಭಾಷಣ)

ಕಿಟಕಿಗೆ ನಮ್ಮ ಹಿರಿಯರು ಗವಾಕ್ಷ ಎಂಬ ಹೆಸರನ್ನೂ ಇಟ್ಟಿದ್ದಾರೆ. ಗೋವಿನ ಕಣ್ಣು ಎಂಬುದು ಆ ಮಾತಿನ ಅರ್ಥ. ಇಂಗ್ಲಿಷಿನ ‘ವಿಂಡೋ’ ಶಬ್ದದ ಮೂಲವನ್ನು ಹುಡುಕಿಕೊಂಡು ಹೋದರೆ ಅದೂ ಕೊನೆಗೆ ಒಂದು ಕಣ್ಣನ್ನೇ ತಲುಪುತ್ತದೆ. ಹಳೆಯ ನಾರ್ಸ್ ಭಾಷೆಯಲ್ಲಿ ಅದು ‘ಗಾಳಿಗಣ್ಣು’. ಕಣ್ಣು ಎಂದಮೇಲೆ ಹೊರಗಿನದು ಕಾಣಬೇಕು, ಗಾಳಿ ಎಂದಮೇಲೆ ಅದು ಒಳಗೆ ಬರಬೇಕು. ಮನೆಯ ಕಿಟಕಿಯಿಂದ ನಾವು ಬಯಸುವುದು ಈ ಎರಡನ್ನೇ ಅಲ್ಲವೆ? ಆದರೆ ಈ ದಿನ ನಾನು ಹೇಳಹೊರಟಿರುವುದು ಬೇರೊಂದು ಬಗೆಯ ಕಿಟಕಿಯ ಸಂಗತಿ. ಅದು ಎಂದೂ ತೆರೆಯದ ಕಿಟಕಿ. ಬೆಳಕನ್ನು ಒಳಗೆ ಬಿಟ್ಟುಕೊಂಡು ಗಾಳಿಯನ್ನೂ ನೀರನ್ನೂ ಹೊರಗೇ ನಿಲ್ಲಿಸುವುದು ಅದರ ಕೆಲಸ. ಸಮುದ್ರದ ಮೇಲೆ ಸಂಚರಿಸುವ ಹಾಯಿದೋಣಿಯ ಪಕ್ಕೆಯಲ್ಲಿ ಅದರ ವಾಸ.

ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಕೆರೆಯ ಏರಿಯ ಮೇಲೆ ನಿಂತು ನೀರನ್ನು ನೋಡಿದ್ದೇ ಜಲಯಾನದ ಅನುಭವ. ಅಂಥವನಿಗೆ ಈ ಕಿಟಕಿಯ ಪರಿಚಯವಾದುದು ಉದ್ಯೋಗದ ನಿಮಿತ್ತ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಇದ್ದಾಗ. ಅಲ್ಲಿನ ದಕ್ಷಿಣ ತೀರದಲ್ಲಿ, ವೈಟ್ ದ್ವೀಪಕ್ಕೆ ಎದುರಾಗಿ, ಲಿಮಿಂಗ್ಟನ್ ಎಂಬ ಸಣ್ಣ ಊರಿದೆ. ಊರಿಗೂ ದ್ವೀಪಕ್ಕೂ ನಡುವಿನ ಕಿರಿದಾದ ಕಡಲಿಗೆ ಸೊಲೆಂಟ್ ಎಂದು ಹೆಸರು. ಊರಿನ ನದಿಯ ಬಾಯಿಯಲ್ಲಿ ನೂರಾರು ಹಾಯಿದೋಣಿಗಳ ಕೂವೆಮರಗಳು ಅಡಕೆಯ ತೋಟದಂತೆ ಎದ್ದು ನಿಂತಿರುತ್ತವೆ. ನನ್ನ ನೆರೆಮನೆಯವರು ನಿವೃತ್ತ ಉಪಾಧ್ಯಾಯರು. ಶಾಲೆಯಲ್ಲಿ ಭೂಗೋಳವನ್ನು ಕಲಿಸಿದವರು. ಮನಸ್ಸಿನಲ್ಲಿ ನಾನು ಅವರನ್ನು ಮೇಷ್ಟರು ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಮೇಷ್ಟರ ಬಳಿ 26 ಅಡಿ ಉದ್ದದ, 1974ರಲ್ಲಿ ತಯಾರಾದ ಒಂದು ಹಾಯಿದೋಣಿ ಇತ್ತು.

ಆ ದೋಣಿಯನ್ನು ಅವರೂ ಅವರ ಹೆಂಡತಿಯೂ ಮದುವೆಯಾದ ಹೊಸದರಲ್ಲಿ ಸಾಲ ಮಾಡಿ ಕೊಂಡದ್ದಂತೆ. ಚುಕ್ಕಾಣಿ ಮೇಷ್ಟರದು, ಯಾನದ ದಿನಚರಿ ಆಕೆಯದು. ಹೊರಟ ಗಳಿಗೆ, ಗಾಳಿಯ ದಿಕ್ಕು, ಉಬ್ಬರವಿಳಿತಗಳ ವೇಳೆ, ಕಂಡ ಹಕ್ಕಿ, ಮಾಡಿದ ಅಡುಗೆ, ಎಲ್ಲವನ್ನೂ ಆಕೆ ಶಾಯಿಯಲ್ಲಿ ಬರೆದಿಡುತ್ತಿದ್ದರು. ಅಂಥ ಹನ್ನೊಂದು ಪುಸ್ತಕಗಳು ದೋಣಿಯ ಒಳಕೋಣೆಯಲ್ಲಿ, ಕಿಟಕಿಯ ಕೆಳಗಿನ ಅಡ್ಡಹಲಗೆಯ ಮೇಲೆ ಇದ್ದವು. ಆಕೆ ತೀರಿಕೊಂಡು ಎರಡು ವರ್ಷಗಳಾಗಿದ್ದವು. ಒಂದು ಚಳಿಗಾಲ ಕಳೆದು ನೋಡುವಾಗ ಎರಡು ಪುಸ್ತಕಗಳು ತೊಯ್ದು, ಶಾಯಿ ಹರಡಿ, ಅಕ್ಷರಗಳು ಅಳಿಸಿಹೋಗಿದ್ದವು. ಮೇಷ್ಟರು ಆ ಪುಸ್ತಕಗಳನ್ನು ನನ್ನ ಕೈಗೆ ಕೊಟ್ಟು ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ, “ಪ್ರತಿವರ್ಷವೂ ನಾನು ಆ ಕಿಟಕಿಯನ್ನು ಬಿಗಿ ಮಾಡುತ್ತಲೇ ಬಂದಿದ್ದೇನೆ” ಎಂದರು. ಆ ಮಾತಿನಲ್ಲಿಯೇ ಸಮಸ್ಯೆಯ ಕೀಲಿ ಇತ್ತೆಂಬುದು ನಮ್ಮಿಬ್ಬರಿಗೂ ಆಗ ತಿಳಿದಿರಲಿಲ್ಲ.

ಈ ಕಿಟಕಿಯ ರಚನೆಯನ್ನು ಮೊದಲು ಸ್ವಲ್ಪ ವಿವರಿಸಬೇಕು. ಮರದ ಹಲಗೆಗಳಿಂದ ದೋಣಿ ಕಟ್ಟುವ ಕಾಲ ಹಿಂದೆ ಸರಿದು, 1960ರ ದಶಕದಿಂದ ಈಚೆಗೆ, ಗಾಜಿನ ನೂಲಿನ ಬಟ್ಟೆಯನ್ನು ರಾಳದಲ್ಲಿ ತೋಯಿಸಿ ಅಚ್ಚಿನ ಮೇಲೆ ಪದರ ಪದರವಾಗಿ ಹಾಸಿ ದೋಣಿಗಳನ್ನು ತಯಾರಿಸುವ ಕ್ರಮ ಬಳಕೆಗೆ ಬಂದಿತು. ಇದಕ್ಕೆ ಫೈಬರ್‌ಗ್ಲಾಸ್ ಎನ್ನುತ್ತಾರೆ. ದೋಣಿಯ ಒಳಕೋಣೆಯ ಗೋಡೆಯಲ್ಲಿ ಉದ್ದನೆಯ ಒಂದು ಕಂಡಿಯನ್ನು ಕೊರೆದು, ಅದಕ್ಕಿಂತ ಸುತ್ತಲೂ ಮೂರು ನಾಲ್ಕು ಸೆಂಟಿಮೀಟರಿನಷ್ಟು ಅಗಲವಾದ ಪಾರದರ್ಶಕ ಫಲಕವನ್ನು ಹೊರಗಿನಿಂದ ಹೊದಿಸಿ, ಅಂಚಿನುದ್ದಕ್ಕೂ ಬೋಲ್ಟುಗಳನ್ನು ಹಾಕಿಬಿಟ್ಟರೆ ಕಿಟಕಿಯಾಯಿತು. ಫಲಕಕ್ಕೂ ಗೋಡೆಗೂ ನಡುವೆ ನೀರು ನುಸುಳದಂತೆ ಮೆತ್ತನೆಯ ಅಂಟನ್ನು ತುಂಬಿರುತ್ತಾರೆ. ಬಾಗಿಲಿಲ್ಲ, ಅಗುಳಿಯಿಲ್ಲ, ಚೌಕಟ್ಟೂ ಇಲ್ಲ.

ಆ ಫಲಕ ಗಾಜಿನದಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನದು. 1930ರ ದಶಕದಲ್ಲಿ ಇದು ಜರ್ಮನಿಯಲ್ಲಿ ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಿಂದ, ಇಂಗ್ಲೆಂಡಿನಲ್ಲಿ ಪರ್ಸ್‌ಪೆಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಎರಡನೆಯ ಮಹಾಯುದ್ಧದ ವಿಮಾನಗಳಲ್ಲಿ ಚಾಲಕನ ತಲೆಯ ಮೇಲಿನ ಮುಚ್ಚಳ ಇದರದೇ. ಗುಂಡು ತಗುಲಿ ಆ ಮುಚ್ಚಳ ಒಡೆದಾಗ ಚೂರುಗಳು ಚಾಲಕರ ಕಣ್ಣಿಗೆ ಸಿಡಿಯುತ್ತಿದ್ದವು. ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಇಂಥ ಕಣ್ಣುಗಳನ್ನು ಪರೀಕ್ಷಿಸುವಾಗ ಒಂದು ವಿಶೇಷವನ್ನು ಗಮನಿಸಿದರು: ಈ ಚೂರುಗಳು ಕಣ್ಣಿನೊಳಗೆ ಉಳಿದುಕೊಂಡರೂ ಕಣ್ಣು ಅವನ್ನು ಸಹಿಸಿಕೊಳ್ಳುತ್ತಿತ್ತು. ಆ ಒಂದು ಗಮನಿಕೆಯಿಂದ, 1949ರ ನವೆಂಬರಿನಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಪೊರೆ ಬಂದ ಕಣ್ಣಿನೊಳಗೆ ಅಕ್ರಿಲಿಕ್ಕಿನ ಮಸೂರವನ್ನಿಡುವ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಪೊರೆ ತೆಗೆಸಿಕೊಂಡು ಮತ್ತೆ ಪತ್ರಿಕೆ ಓದುತ್ತಿರುವ ನಮ್ಮ ಮನೆಗಳ ಹಿರಿಯರು ಆ ದಿನಕ್ಕೆ ಋಣಿಗಳು. ಕಿಟಕಿಯನ್ನು ಕಣ್ಣೆಂದು ಕರೆದವರಿಗೆ, ಒಂದೇ ವಸ್ತು ಎರಡೂ ಕಡೆ ಸಲ್ಲುವ ಕಾಲ ಬಂದೀತೆಂಬ ಕಲ್ಪನೆ ಇದ್ದಿರಲಾರದು.

ಅಕ್ರಿಲಿಕ್ಕಿನ ಗುಣಗಳು ದೊಡ್ಡವು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 92 ಪಾಲನ್ನು ಅದು ಒಳಗೆ ಬಿಡುತ್ತದೆ. ಗಾಜಿನ ಅರ್ಧದಷ್ಟೂ ತೂಕವಿಲ್ಲ. ಬಿಸಿಲಿಗೆ ಬಹುಕಾಲ ಬಾಳುತ್ತದೆ. ಆದರೆ ದೋಷಗಳೂ ಇವೆ. ಮರಳಿನ ಕಣ ತಾಗಿದರೆ ಗೀರು ಬೀಳುತ್ತದೆ. ಅಸಿಟೋನ್, ತಿನ್ನರ್, ಪೆಟ್ರೋಲು, ಅಮೋನಿಯಾ ಬೆರೆತ ಗಾಜು ಒರೆಸುವ ದ್ರವ, ಇಂಥವು ಸೋಕಿದರೆ ಮೈಯೆಲ್ಲ ಕೂದಲೆಳೆಯ ಬಿರುಕುಗಳ ಬಲೆ ಹೆಣೆದುಕೊಳ್ಳುತ್ತದೆ. ಸೋಪಿನ ನೀರೊಂದೇ ಅದಕ್ಕೆ ಹಿತ. ಎಲ್ಲಕ್ಕಿಂತ ಮುಖ್ಯವಾದ ಮಾತು, ಬಿಸಿಲಿಗೆ ಅದು ಬಹಳ ಹಿಗ್ಗುತ್ತದೆ, ಚಳಿಗೆ ಬಹಳ ಕುಗ್ಗುತ್ತದೆ.

ಹಿಗ್ಗುವುದು ಕುಗ್ಗುವುದು ನಮಗೆ ಹೊಸದೇನಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವಾಗ ಕಮ್ಮಾರ ಅದನ್ನು ಕೆಂಪಗೆ ಕಾಯಿಸುವುದೂ, ಮೇಲೆ ನೀರು ಸುರಿದ ಕೂಡಲೇ ಪಟ್ಟಿ ಮರವನ್ನು ಕಚ್ಚಿಹಿಡಿಯುವುದೂ ನಮ್ಮ ಹಳ್ಳಿಗಳ ಹಿರಿಯರು ಕಣ್ಣಾರೆ ಕಂಡ ದೃಶ್ಯ. ದೋಣಿಯ ಕಿಟಕಿಯಲ್ಲಿ ನಡೆಯುವುದೂ ಅದೇ. ಆದರೆ ಇಲ್ಲಿ ಎರಡು ವಸ್ತುಗಳು ಒಂದಕ್ಕೊಂದು ಕಟ್ಟಿಕೊಂಡು, ಒಂದೇ ಬಿಸಿಲಿನಲ್ಲಿ ಬೇರೆ ಬೇರೆ ಅಳತೆಗೆ ಬೆಳೆಯುತ್ತವೆ. ಒಂದು ಲೆಕ್ಕ ನೋಡಿ. ಮೇಷ್ಟರ ಕಿಟಕಿಯ ಉದ್ದ 90 ಸೆಂಟಿಮೀಟರು. ಚಳಿಗಾಲದ ರಾತ್ರಿ ಹಿಮ ಬೀಳುವಾಗಿನ ಶೈತ್ಯಕ್ಕೂ, ಬೇಸಗೆಯ ಮಧ್ಯಾಹ್ನ ಹೊಗೆಬಣ್ಣದ ಫಲಕ ಹೀರಿಕೊಳ್ಳುವ ಬಿಸಿಗೂ ನಡುವೆ 40 ಡಿಗ್ರಿಯ ಅಂತರವನ್ನು ಧಾರಾಳವಾಗಿ ಹಿಡಿಯಬಹುದು. ಅಷ್ಟರಲ್ಲಿ ಅಕ್ರಿಲಿಕ್ ಸುಮಾರು ಎರಡೂವರೆ ಮಿಲಿಮೀಟರು ಉದ್ದವಾಗುತ್ತದೆ. ಅದರ ಬೆನ್ನಿಗಿರುವ ಫೈಬರ್‌ಗ್ಲಾಸ್ ಗೋಡೆ ಒಂದು ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹೀಗಾಗಿ ಫಲಕದ ಒಂದೊಂದು ತುದಿಯೂ ಗೋಡೆಯ ಮೇಲೆ ಮುಕ್ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚಾಗಿ ಜರುಗಲೇಬೇಕು. ಬೇಡವೆಂದು ತಡೆಯಲು ಯಾರಿಂದಲೂ ಸಾಧ್ಯವಿಲ್ಲ.

ಈ ಜರುಗನ್ನು ತಾಳಿಕೊಳ್ಳಬೇಕಾದುದು ನಡುವಿನ ಅಂಟು. ಅಂಟಿನ ಪದರ ಮೂರು ಮಿಲಿಮೀಟರು ದಪ್ಪವಾಗಿದ್ದರೆ ಮುಕ್ಕಾಲು ಮಿಲಿಮೀಟರಿನ ಎಳೆತ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ರಬ್ಬರಿನಂತೆ ಬಾಗಿ ಮತ್ತೆ ಹಿಂದಿರುಗುತ್ತದೆ. ಅದೇ ಪದರವನ್ನು ಕಾಗದದಷ್ಟು ತೆಳ್ಳಗೆ ಮಾಡಿದಿರೋ, ತನ್ನ ದಪ್ಪದ ಹಲವು ಪಾಲು ಅದು ಎಳೆಯಿಸಿಕೊಳ್ಳಬೇಕಾಗುತ್ತದೆ. ಕೆಲವು ಬೇಸಗೆ ಕಳೆಯುವುದರೊಳಗೆ ಅದು ಹರಿದು, ಕಣ್ಣಿಗೆ ಕಾಣದ ಸೀಳು ಬಿಟ್ಟು, ನೀರಿಗೆ ದಾರಿಯಾಗುತ್ತದೆ. ನೀರು ಕಂಡ ದೋಣಿಯ ಒಡೆಯ ಮಾಡುವುದೇನು? ತಿರುಪುಳಿ ಹಿಡಿದು ಬೋಲ್ಟನ್ನು ಇನ್ನಷ್ಟು ಬಿಗಿಯುತ್ತಾನೆ. ಉಳಿದಿದ್ದ ಅಂಟೂ ಹಿಂಡಿಹೋಗುತ್ತದೆ. ಒಂದು ವರ್ಷ ಸೋರಿಕೆ ನಿಂತಂತೆ ಕಾಣುತ್ತದೆ. ಮರುವರ್ಷ ಮೊದಲಿಗಿಂತ ಹೆಚ್ಚಾಗಿ ಸೋರುತ್ತದೆ. ಮೇಷ್ಟರು ನಲವತ್ತು ಚಳಿಗಾಲಗಳಲ್ಲಿ ಪ್ರೀತಿಯಿಂದ ಮಾಡಿದ್ದು ಇದನ್ನೇ. ಬೋಲ್ಟಿನ ತೂತುಗಳಿಂದ ಹೊರಟ ಬಿರುಕುಗಳು ಫಲಕದ ಅಂಚಿನವರೆಗೂ ಓಡಿದ್ದವು.

ಸೋರಿದರೆ ಸೋರಲಿ, ಒಂದು ಪಾತ್ರೆ ಇಟ್ಟರಾಯಿತು ಎನ್ನುವಂತಿಲ್ಲ. ಭಾರಿ ತೆರೆಯ ನೆತ್ತಿಯಿಂದ ದೋಣಿ ಪಕ್ಕಕ್ಕೆ ಎಸೆಯಲ್ಪಟ್ಟಾಗ, ಕೆಳಗಾದ ಪಕ್ಕೆ ನೀರಿಗೆ ಬಡಿಯುವ ಪೆಟ್ಟು ಕಲ್ಲಿಗೆ ಬಡಿದ ಪೆಟ್ಟಿನಂತೆಯೇ ಇರುತ್ತದೆ. ಆಗ ಗೋಡೆಯಲ್ಲಿ ದುರ್ಬಲವಾದ ಜಾಗ ಕಿಟಕಿ. 1979ರ ಆಗಸ್ಟಿನಲ್ಲಿ ಇಂಗ್ಲೆಂಡಿನಿಂದ ಐರ್ಲೆಂಡಿನ ಫಾಸ್ಟ್‌ನೆಟ್ ಬಂಡೆಯನ್ನು ಸುತ್ತಿ ಬರುವ ಸ್ಪರ್ಧೆಯ ಮೇಲೆ ಬಿರುಗಾಳಿ ಎರಗಿತು. ಹೊರಟ 303 ದೋಣಿಗಳಲ್ಲಿ ಹಲವು ಕೂವೆಮರ ನೀರಿಗೆ ತಾಗುವಷ್ಟು ಮಗುಚಿದವು, ಐದು ಮುಳುಗಿದವು, ಸ್ಪರ್ಧಿಗಳಲ್ಲಿ 15 ಮಂದಿ ತೀರಿಕೊಂಡರು. ಆ ಸಾವುಗಳಿಗೆ ಕಿಟಕಿ ಕಾರಣವೆಂದು ನಾನು ಹೇಳುತ್ತಿಲ್ಲ. ಶಾಂತವಾದ ಕೊಲ್ಲಿಯಲ್ಲಿ ತೇಲುವ ದೋಣಿಯೂ ಒಂದು ದಿನ ಎಂಥ ಕಡಲನ್ನು ಎದುರಿಸಬೇಕಾದೀತು ಎಂಬುದಕ್ಕೆ ಆ ರಾತ್ರಿ ಸಾಕ್ಷಿ. ತೂತಿನಿಂದ ಅಂಚಿನವರೆಗೆ ಬಿರುಕು ಬಿಟ್ಟ ಫಲಕವನ್ನು ನಂಬಿ ಹೊರಡುವವರು ಇದನ್ನು ನೆನೆಯಬೇಕು.

ಆ ವರ್ಷದ ಮೇ ತಿಂಗಳಲ್ಲಿ, ದೋಣಿ ಇನ್ನೂ ದಡದ ಮೇಲೆ ಊರುಗೋಲುಗಳ ನಡುವೆ ನಿಂತಿದ್ದಾಗ, ಮೇಷ್ಟರೂ ನಾನೂ ಕೆಲಸಕ್ಕೆ ತೊಡಗಿದೆವು. ಹೊಸದನ್ನು ಕೂರಿಸುವುದಕ್ಕಿಂತ ಹಳೆಯದನ್ನು ತೆಗೆಯುವುದೇ ನಿಧಾನದ ಕೆಲಸ. ಬೋಲ್ಟುಗಳನ್ನು ಕಳಚಿದಮೇಲೂ ಫಲಕ ಅಲುಗುವುದಿಲ್ಲ. ಮೀಟಿದರೆ ದೋಣಿಯ ಮೈಯ ನುಣುಪಾದ ಹೊರಪದರ ಚಕ್ಕೆಯೇಳುತ್ತದೆ. ಆದುದರಿಂದ ಸಪೂರವಾದ ಉಕ್ಕಿನ ತಂತಿಯನ್ನು ಅಂಟಿನೊಳಕ್ಕೆ ತೂರಿಸಿ, ಎರಡು ತುದಿಗಳನ್ನೂ ಹಿಡಿದು, ಗರಗಸದಂತೆ ಆಚೀಚೆ ಎಳೆಯುತ್ತ ಕೊಯ್ದೆವು. ಬಿರುಕು ಬಿಟ್ಟ ಹಳೆಯ ಫಲಕವನ್ನು ಎಸೆಯಲಿಲ್ಲ. ಹೊಸದಕ್ಕೆ ಅದೇ ಅಳತೆಯ ಮಾದರಿ.

ಫಲಕ ಹೊರಬಂದಾಗ ಇನ್ನೊಂದು ಗುಟ್ಟು ಬಯಲಾಯಿತು. ಮೇಷ್ಟರು ನೀರು ತೊಟ್ಟಿಕ್ಕುವ ಮೂಲೆಯ ಬೋಲ್ಟುಗಳನ್ನೇ ಹೆಚ್ಚು ಬಿಗಿದಿದ್ದರು. ಆದರೆ ನೀರು ಒಳಗೆ ನುಗ್ಗುತ್ತಿದ್ದುದು ಎದುರು ತುದಿಯಲ್ಲಿ. ಒಳಗಿನ ಹೊದಿಕೆಯ ಹಿಂದೆ ಹರಿದು ಬಂದು ಈ ಮೂಲೆಯಲ್ಲಿ ಇಳಿಯುತ್ತಿತ್ತು. ಹಂಚಿನ ಮನೆಯ ಸೋರಿಕೆ ಬಲ್ಲವರಿಗೆ ಇದು ಆಶ್ಚರ್ಯವಲ್ಲ: ಹನಿ ಬೀಳುವ ಜಾಗವೇ ಬೇರೆ, ಹಂಚು ಒಡೆದ ಜಾಗವೇ ಬೇರೆ. ಇಂಥ ದೋಣಿಗಳ ಗೋಡೆಯಲ್ಲಿ ಎರಡು ಪದರ ಫೈಬರ್‌ಗ್ಲಾಸಿನ ನಡುವೆ ಪ್ಲೈವುಡ್ ಇರುವುದುಂಟು. ಕಂಡಿಯ ಅಂಚಿನಲ್ಲಿ ಅದು ನೀರು ಕುಡಿದು ನೆನೆದ ರಸ್ಕಿನಂತಾಗಿತ್ತು. ಮೆತ್ತಗಾದುದನ್ನು ಗಟ್ಟಿ ಸಿಗುವವರೆಗೆ ಕೆರೆದು ತೆಗೆದು, ಹಲವು ದಿನ ಒಣಗಲು ಬಿಟ್ಟು, ಆ ಪೊಳ್ಳನ್ನು ಎಪಾಕ್ಸಿ ರಾಳದಿಂದ ತುಂಬಿದೆವು. ಹೊರಗಿನ ಮೈಯಿಂದ ಹಳೆಯ ಅಂಟಿನ ಕಲೆಯನ್ನೆಲ್ಲ ಉಜ್ಜಿ ತೆಗೆದೆವು. ಹಳೆಯ ಸಿಲಿಕೋನ್ ಅಂಟಿನ ಕಾಣದ ಒಂದು ಪೊರೆ ಉಳಿದರೂ ಹೊಸ ಅಂಟು ಅದರ ಮೇಲೆ ನಿಲ್ಲುವುದಿಲ್ಲ.

ಹೊಸ ಫಲಕಕ್ಕೆ ಅಚ್ಚಿಗೆ ಎರಕ ಹೊಯ್ದು ಮಾಡಿದ ಅಕ್ರಿಲಿಕ್ಕನ್ನೇ ಆರಿಸಬೇಕು. ಯಂತ್ರದಿಂದ ಒತ್ತಿ ಹಾಯಿಸಿದ ಅಗ್ಗದ ಹಾಳೆ ಬೇಗ ಬಿರುಕು ಬಿಡುತ್ತದೆ. ದಪ್ಪ ಹಳೆಯದಕ್ಕಿಂತ ಕಡಿಮೆಯಾಗಬಾರದು. ನಾವು ತಂದದ್ದು 10 ಮಿಲಿಮೀಟರಿನದು. ಕತ್ತರಿಸಿದಮೇಲೆ ಮೂಲೆಗಳನ್ನು ದುಂಡಾಗಿಸಿ, ಅಂಚನ್ನು ಉಗುರು ಸಿಕ್ಕದಷ್ಟು ನಯಮಾಡಬೇಕು, ಏಕೆಂದರೆ ಒಂದು ಸಣ್ಣ ಕಚ್ಚೇ ಮುಂದಿನ ಬಿರುಕಿನ ಮೊಳಕೆ. ಇನ್ನು ತೂತುಗಳು. ಬೋಲ್ಟು 6 ಮಿಲಿಮೀಟರಿನದಾದರೆ ತೂತು 9 ಮಿಲಿಮೀಟರಿನದಾಗಬೇಕು. ತೂತು ದೊಡ್ಡದಾದರೆ ಸಡಿಲವಲ್ಲವೆ ಎಂದು ನಾನು ಕೇಳಿದೆ. ಸಡಿಲವಾಗಿರಬೇಕಾದ ಜಾಗವೇ ಅದು; ಫಲಕ ಬೆಳೆಯುವಾಗ ಬೋಲ್ಟಿಗೆ ಎದೆಗೊಡಬಾರದು. ಆಣಿಯ ತಲೆ ಮೇಲ್ಮೈಯಲ್ಲಿ ಹುದುಗಲೆಂದು ಕೊಳವೆಬಾಯಿಯಂತೆ ತೂತು ಕೊರೆಯುವುದನ್ನೂ ಇಲ್ಲಿ ಬಿಡಬೇಕು. ಬೆಣೆಯಂಥ ಆ ತಲೆ ಸೌದೆ ಸೀಳುವಂತೆ ಅಕ್ರಿಲಿಕ್ಕನ್ನು ಸೀಳುತ್ತದೆ. ಚಪ್ಪಟೆ ತಳದ ತಲೆ, ಅದರಡಿ ಅಗಲವಾದ ವಾಷರು, ಇಷ್ಟೇ ಸಾಕು.

ಅಂಟಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ಮರದ ದೋಣಿಗಳಿಗೆ ಒಗ್ಗುವ ಪಾಲಿಸಲ್ಫೈಡ್ ಅಂಟು ಅಕ್ರಿಲಿಕ್ಕಿಗೆ ಒಗ್ಗದು. ಪಾಲಿಯುರಿಥೇನ್ ಬಲು ಬಿಗಿಯಾಗಿ ಹಿಡಿಯುತ್ತದೆ, ಆದರೆ ಪಾರದರ್ಶಕ ಫಲಕದ ಮೂಲಕ ಬಿಸಿಲು ಬಿದ್ದು ಬಿದ್ದು ಹಿಡಿತ ಬಿಡುತ್ತದೆ. ಬೆಂಗಳೂರಿನ ಬಹುಮಹಡಿ ಕಟ್ಟಡಗಳ ಹೊರಮೈಯಲ್ಲಿ ಚೌಕಟ್ಟು ಕಾಣದಂತೆ ಗಾಜಿನ ಫಲಕಗಳು ನಿಂತಿರುವುದನ್ನು ನೀವು ಕಂಡಿರಬಹುದು. ಅವನ್ನು ಹಿಡಿದಿಡುವುದು ಕಟ್ಟಡಕ್ಕೆಂದೇ ತಯಾರಿಸಿದ ಸಿಲಿಕೋನ್. ನಾವು ಬಳಸಿದ್ದು ಆ ಜಾತಿಯದನ್ನೇ.

ಕೂರಿಸುವ ದಿನ ನಮ್ಮದೇ ಒಂದು ತಪ್ಪಿನಿಂದ ಪಾಠ ಕಲಿಯಬೇಕಾಯಿತು. ಗೋಡೆಯ ಮೇಲೆ ಮೂರು ಮಿಲಿಮೀಟರು ದಪ್ಪದ ರಬ್ಬರಿನ ಚಿಕ್ಕ ತುಣುಕುಗಳನ್ನು ಅಲ್ಲಲ್ಲಿ ಅಂಟಿಸಿ, ಅವುಗಳ ನಡುವೆ ಅಂಟನ್ನು ಧಾರಾಳವಾಗಿ ಎರೆದು, ಫಲಕವನ್ನು ಒತ್ತಿ, ಬೋಲ್ಟು ಹಾಕಿದೆವು. ಅಂಚಿನ ಸುತ್ತಲೂ ಅಂಟು ಸಮನಾಗಿ ಉಕ್ಕಿ ಬಂದಿತು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಮೇಷ್ಟರ ಕೈ ನಲವತ್ತು ವರ್ಷದ ಅಭ್ಯಾಸದಿಂದ ಇನ್ನೊಂದು ಸುತ್ತು ತಿರುವಿತು. ನಾನೂ ನನ್ನ ಕಡೆಯದನ್ನು ತಿರುವಿದೆ. ರಬ್ಬರು ಅಪ್ಪಚ್ಚಿಯಾಗಿ ಅಂಟೆಲ್ಲ ಹೊರಗೆ ಬಂದುಬಿಟ್ಟಿತು. ಇಬ್ಬರೂ ಮುಖ ನೋಡಿಕೊಂಡೆವು. ಮಾತಿಲ್ಲದೆ ಫಲಕವನ್ನು ಬಿಚ್ಚಿ, ಎಲ್ಲವನ್ನೂ ಒರೆಸಿ, ಮರುದಿನ ಮೊದಲಿನಿಂದ ಆರಂಭಿಸಿದೆವು. ಎರಡನೆಯ ಸಲ ಬೆರಳಿನಿಂದ ತಿರುವಿದಷ್ಟು ಬಿಗಿಗೆ ಮೇಷ್ಟರು ತಿರುಪುಳಿಯನ್ನು ಕೆಳಗಿಟ್ಟು, ಕೈಗಳನ್ನು ಜೇಬಿಗೆ ಹಾಕಿಕೊಂಡರು. ಅದು ಅವರಿಗೆ ಸುಲಭವಾಗಿರಲಿಲ್ಲ. ಬಿಗಿ ಮಾಡಿದರೆ ಕಾಪಾಡಿದಂತೆ ಎಂಬ ನಂಬಿಕೆಯನ್ನು ನಮ್ಮ ಕೈಗಳು ತಲೆಗಿಂತ ನಿಧಾನವಾಗಿ ಬಿಡುತ್ತವೆ.

ಅಂಟು ಗಟ್ಟಿಯಾಗಲೆಂದು ಹತ್ತು ದಿನ ಯಾರೂ ಅದನ್ನು ಮುಟ್ಟಲಿಲ್ಲ. ಹನ್ನೊಂದನೆಯ ದಿನ ನಾನು ಹೊರಗೆ ನಿಂತು ಕೊಳವೆಯಿಂದ ನೀರು ಹಾಯಿಸಿದೆ. ಕೆಳಗಿನ ಅಂಚಿನಿಂದ ಮೇಲಕ್ಕೆ, ಒಂದೊಂದೇ ಗೇಣು ಏರುತ್ತ, ಅರ್ಧ ಗಂಟೆ. ಹಾಗೆ ಕೆಳಗಿನಿಂದ ಏರಿದರೆ ಸೋರಿಕೆಯ ಜಾಗ ತಪ್ಪದೆ ತಿಳಿಯುತ್ತದೆ. ಮೇಲಿನಿಂದ ಸುರಿದರೆ ಎಲ್ಲವೂ ಒಟ್ಟಿಗೆ ತೊಯ್ದು ಗೊಂದಲವಾಗುತ್ತದೆ. ಮೇಷ್ಟರು ಒಳಗೆ ಟಾರ್ಚು ಹಿಡಿದು, ಅಂಚಿನುದ್ದಕ್ಕೂ ಬೆರಳಾಡಿಸುತ್ತ ಕುಳಿತಿದ್ದರು. ಬೆರಳು ಒದ್ದೆಯಾಗಲಿಲ್ಲ.

ಆ ಬೇಸಗೆ ಒಂದು ಸಲ ಅವರೊಂದಿಗೆ ಸೊಲೆಂಟನ್ನು ದಾಟಿ ಎದುರಿನ ದ್ವೀಪದ ಯಾರ್ಮತ್ ಬಂದರಿಗೆ ಹೋದೆ. ಆ ಕಡಲು ಕಿರಿದು. ಒಂದು ಗಂಟೆಯ ಪಯಣ. ನಡುದಾರಿಯಲ್ಲಿ ಮಳೆ ಬಂದಿತು. ನಾನು ಒಳಗೆ ಕುಳಿತು ಹೊಸ ಕಿಟಕಿಯ ಮೇಲೆ ಹನಿಗಳು ಓರೆಯಾಗಿ ಹರಿಯುವುದನ್ನು ನೋಡುತ್ತಿದ್ದೆ. ಕೆಳಗಿನ ಹಲಗೆಯ ಮೇಲೆ ಹನ್ನೊಂದು ಪುಸ್ತಕಗಳೂ ಮತ್ತೆ ಬಂದು ಕುಳಿತಿದ್ದವು. ತೊಯ್ದ ಎರಡಕ್ಕೆ ಹೊಸ ರಟ್ಟು ಹಾಕಿಸಿದ್ದರು, ಅಳಿಸಿದುದು ಮಾತ್ರ ಅಳಿಸಿಯೇ ಇತ್ತು. ಬಂದರು ತಲುಪಿ ಹಗ್ಗ ಕಟ್ಟಿದಮೇಲೆ ಮೇಷ್ಟರು ಕೊನೆಯ ಪುಸ್ತಕವನ್ನು ತೆಗೆದರು. ಹೆಂಡತಿಯ ಬರಹ ನಿಂತಿದ್ದ ಪುಟದ ಕೆಳಗೆ ಎರಡು ವರ್ಷಗಳಿಂದ ಏನೂ ಇರಲಿಲ್ಲ. ಅಲ್ಲಿ ತಾರೀಖು ಹಾಕಿ, ಗಾಳಿಯ ದಿಕ್ಕನ್ನೂ ಹೊರಟ ಗಳಿಗೆಯನ್ನೂ ಬರೆದು, ನನಗೆ ತೋರಿಸಿದರು. ಕೊನೆಯ ಸಾಲಿನಲ್ಲಿ ಇಷ್ಟೇ ಇತ್ತು: “ಮಳೆ. ಒಳಗೆಲ್ಲ ಒಣಗಿದೆ.”